ಉಕ್ಕಿ ಬಂದ ಸಿಲಿಕೋನ್: ಒಂದು ಗಾಜಿನ ನವಿಲಿನ ಪ್ರಕರಣ

ಮೈಸೂರಿನ ಒಂದು ಹೊಸ ಮನೆ. ಮಹಡಿ ಮೆಟ್ಟಿಲ ಪಕ್ಕದ ಕಿಟಕಿಗೆ ಗಾಜಿನ ಮೊಸಾಯಿಕ್ ಬೇಕು ಅಂತ ಮನೆಯವರು ಕೇಳಿದ್ದರು. ಮಾಡಲು ಒಪ್ಪಿಕೊಂಡವರು ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರು. ಅವರ ಹೆಸರು, ಬಡಾವಣೆ, ಮನೆಯವರ ಗುರುತು ಯಾವುದೂ ಇಲ್ಲಿ ಬೇಡ. ನಾವೆಲ್ಲ ಅವರನ್ನು ಟೀಚರ್ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಈ ಕಥೆ ಬರೆಯಲಾ ಅಂತ ಕೇಳಿದಾಗ ಅವರು ಹಾಕಿದ ಷರತ್ತು ಒಂದೇ: "ನನ್ನ ತಪ್ಪನ್ನ ಸಣ್ಣದು ಮಾಡಿ ಬರೀಬೇಡ ಕಣಮ್ಮ."

ನಾನು ಇದರೊಳಗೆ ಬಂದದ್ದು ಅರ್ಧದಲ್ಲಿ. ಗೃಹಪ್ರವೇಶಕ್ಕೆ 19 ದಿನ ಬಾಕಿ ಇತ್ತು. ಟೀಚರ್ ಫೋನ್ ಮಾಡಿ, "ಬಂದು ನೋಡಮ್ಮ, ಗಾಜಿಗೆ ನೆಗಡಿ ಹಿಡಿದಂಗೆ ಆಗಿದೆ" ಅಂದರು. ಹೋಗಿ ನೋಡಿದರೆ ಮಾತು ಸರಿಯಾಗೇ ಇತ್ತು.

ಹಿನ್ನೆಲೆ

ತಳಕ್ಕೆ 5 ಮಿ.ಮೀ. ದಪ್ಪದ ಸಾದಾ ಗಾಜು, 2 ಅಡಿ ಅಗಲ, 3 ಅಡಿ ಎತ್ತರ. ಅದರ ಮೇಲೆ 3 ಮಿ.ಮೀ. ದಪ್ಪದ ಬಣ್ಣದ ಗಾಜಿನ ಚೂರುಗಳು. ಚಿತ್ರ ಒಂದು ನವಿಲು. ಗರಿಯ ಕಣ್ಣುಗಳಿಗೆ ಮಾತ್ರ ಕನ್ನಡಿ ಚೂರು. ಚೂರು ಚೂರಿನ ನಡುವೆ 2 ಮಿ.ಮೀ. ಸಂದು ಬಿಟ್ಟು, ಕೊನೆಗೆ ಆ ಸಂದಿಗೆ ಕಡುಬೂದು ಬಣ್ಣದ ಟೈಲ್ ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ಸಿಮೆಂಟ್ ಗಾರೆ, ತುಂಬಬೇಕು. ಇಷ್ಟು ಯೋಜನೆ.

ನವಿಲು ಹೊಳೆದದ್ದು ಎಲ್ಲಿಂದ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅರಮನೆಯ ಕಲ್ಯಾಣ ಮಂಟಪದ ಚಾವಣಿಯಲ್ಲಿ ಗ್ಲಾಸ್ಗೋದಲ್ಲಿ ಮಾಡಿಸಿ ತಂದ ಬಣ್ಣದ ಗಾಜಿನ ನವಿಲುಗಳಿವೆಯಲ್ಲ, ಟೀಚರ್ ಮಕ್ಕಳನ್ನು ಕರೆದುಕೊಂಡು ಹೋಗಿ ಎಷ್ಟೋ ಸಲ ಕತ್ತೆತ್ತಿ ನೋಡಿದ್ದು ಅದನ್ನೇ. ಆದರೆ ಅಲ್ಲಿ ಗಾಜನ್ನು ಚೌಕಟ್ಟಿನೊಳಗೆ ಕೂರಿಸಿದ್ದಾರೆ. ನಮ್ಮದು ಗಾಜಿನ ಮೇಲೆ ಗಾಜು ಅಂಟಿಸುವ ಕೆಲಸ. ನಮ್ಮಲ್ಲಿ ಗೆರೆ ಎಳೆಯುವುದು ಗ್ರೌಟ್. ಸಂದು ಕೆಟ್ಟರೆ ಗೆರೆ ಕೆಟ್ಟ ಹಾಗೆ, ಗೆರೆ ಕೆಟ್ಟರೆ ನವಿಲೇ ಇಲ್ಲ.

ಅಂಟಿಗೆ ಟೀಚರ್ ಸಿಲಿಕೋನ್ ಆರಿಸಿದ್ದು ಸರಿಯಾಗೇ ಇತ್ತು. ಮರಕ್ಕೆ ಹಾಕುವ ಬಿಳಿ ಅಂಟು ಒಣಗಬೇಕಾದರೆ ಅದರ ನೀರು ಆರಿ ಹೊರಗೆ ಹೋಗಬೇಕು. ಎರಡು ಗಾಜಿನ ನಡುವೆ ಸಿಕ್ಕಿಕೊಂಡರೆ ಹೋಗಲು ದಾರಿ ಎಲ್ಲಿ? ವಾರಗಟ್ಟಲೆ ಹಾಲಿನ ಹಾಗೆ ಬೆಳ್ಳಗೆ ಉಳಿಯುತ್ತದೆ. ಸಿಲಿಕೋನ್ ಹಾಗಲ್ಲ. ಅದು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಪಾರದರ್ಶಕವಾಗಿ ಉಳಿಯುತ್ತದೆ, ಬಿಸಿಲಿಗೆ ಗಾಜು ಹಿಗ್ಗಿದರೆ ತಾನೂ ಸ್ವಲ್ಪ ಎಳೆದುಕೊಳ್ಳುತ್ತದೆ.

ಏನು ಕೆಟ್ಟಿತ್ತು

ಆಗಲೇ ಕೆಳಗಿನ 2 ಚದರ ಅಡಿ ಅಂಟಿಸಿ ಮುಗಿದಿತ್ತು. ಒಂದೊಂದಾಗಿ ನೋಡಿದೆ.

ಸಂದುಗಳ ತುಂಬ ಸಿಲಿಕೋನ್ ಉಕ್ಕಿ ಬಂದು, ಗಾಜಿನ ಮಟ್ಟಕ್ಕೇ ನಿಂತಿತ್ತು. ಕೆಲವು ಕಡೆ ಗಾಜಿನ ಮೇಲೂ ಹತ್ತಿತ್ತು. ಇಲ್ಲಿ ಗ್ರೌಟ್ ಕೂರುವುದಿಲ್ಲ. ಜಾಗ ಇಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಗಟ್ಟಿಯಾದ ಸಿಲಿಕೋನ್‌ಗೆ ಸಿಮೆಂಟ್ ಗ್ರೌಟ್ ಹಿಡಿಯುವುದೇ ಇಲ್ಲ. ಪರೀಕ್ಷೆಗೆ ಒಂದು ಮೂಲೆಗೆ ಟೀಚರ್ ಗ್ರೌಟ್ ತುಂಬಿದ್ದರು, ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಎದ್ದು ಬಂತು.

ಎರಡನೆಯದು ಆ "ನೆಗಡಿ". ಗಾಜಿನ ಮೇಲೆಲ್ಲ ಮಂಜು ಮುಸುಕಿದಂಥ ಪದರ. ಮೂರನೆಯದು ಗಾಜಿನ ಹಿಂದೆ ಕಾಣುವ ಗಾಳಿಗುಳ್ಳೆಗಳು ಮತ್ತು ಹಾವಿನ ಹಾಗೆ ಹರಿದ ಗೆರೆಗಳು.

ನಾಲ್ಕನೆಯದು ಟೀಚರ್‌ಗೆ ಗೊತ್ತೇ ಇರಲಿಲ್ಲ. ಅವರ ಮನೆಯ ಬಾಗಿಲ ಪಕ್ಕ ಹಿಂದಿನ ವರ್ಷ ಅವರೇ ಮಾಡಿದ ಹೆಸರಿನ ಫಲಕ ಇತ್ತು. ಅದರಲ್ಲಿದ್ದ ಕನ್ನಡಿ ಚೂರುಗಳ ಅಂಚು ಕಪ್ಪಾಗಿತ್ತು. "ಮಳೆ ನೀರಿಗೆ ಹಂಗಾಗಿದೆ" ಅಂದರು. ಆದರೆ ಫಲಕ ಇರುವುದು ಒಳಗಡೆ, ಅಲ್ಲಿಗೆ ಮಳೆ ಎಲ್ಲಿಂದ ಬರಬೇಕು? "ಟೀಚರ್, ಅದಕ್ಕೆ ಹಾಕಿದ್ದೂ ಇದೇ ಟ್ಯೂಬಾ?" ಅಂತ ಕೇಳಿದೆ. ಅದೇ. ಹಚ್ಚುವಾಗ ವಿನೆಗರ್ ವಾಸನೆ ಬರುತ್ತಾ? ಬರುತ್ತೆ, ಉಪ್ಪಿನಕಾಯಿ ಜಾಡಿ ತೆಗೆದ ಹಾಗೆ ಬರುತ್ತೆ.

ಅಲ್ಲಿಗೆ ಗೊತ್ತಾಯಿತು. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಬರೀ ಗಾಜಿಗೆ ಅದು ಒಳ್ಳೆಯ ಅಂಟು, ದೂರುವ ಹಾಗಿಲ್ಲ. ಕನ್ನಡಿಯ ಬೆನ್ನಿಗೆ ಮಾತ್ರ ಆಗಿ ಬರುವುದಿಲ್ಲ. ಕನ್ನಡಿ ಕತ್ತರಿಸಿದಾಗ ಅಂಚಿನಲ್ಲಿ ಬೆಳ್ಳಿ ಪದರ ಬಯಲಾಗುತ್ತದೆ, ಆಸಿಡ್ ಅಲ್ಲಿಂದ ತಿನ್ನಲು ಶುರು ಮಾಡುತ್ತದೆ. ಹೊಸ ನವಿಲಿನಲ್ಲಿ ಆಗಲೇ 14 ಕನ್ನಡಿ ಚೂರು ಕೂತಿದ್ದವು. ಎಲ್ಲ ಫಳಫಳ ಹೊಳೆಯುತ್ತಿದ್ದವು. ಇನ್ನೊಂದು ವರ್ಷ ಬಿಟ್ಟು ಹೊಳೆಯುತ್ತಿರಲಿಲ್ಲ.

ಆಗಲೇ ಮಾಡಿ ನೋಡಿದ್ದು

ಉಕ್ಕಿ ಬಂದ ಕೂಡಲೇ ಟೀಚರ್ ಬೆರಳಲ್ಲಿ ಒರೆಸಿದ್ದರು. ಆಮೇಲೆ ಒದ್ದೆ ಬಟ್ಟೆ. ಅದೂ ಆಗದೆ, ಕಿಟಕಿ ಹಾಕಲು ಬಂದಿದ್ದ ಅಲ್ಯೂಮಿನಿಯಂ ಕೆಲಸದ ಹುಡುಗನನ್ನು ಕೇಳಿದರು. "ಸೋಪ್ ನೀರು ಹಾಕ್ಕೊಂಡು ಬೆರಳಲ್ಲಿ ಎಳೀರಿ ಮೇಡಂ, ನೈಸ್ ಆಗಿ ಬರುತ್ತೆ" ಅಂದ. ಅವನು ಹೇಳಿದ್ದು ಅವನ ಕೆಲಸಕ್ಕೆ ಸರಿ. ಕಿಟಕಿ ಚೌಕಟ್ಟಿನ ಸಿಲಿಕೋನ್ ಮೇಲೇ ಇರಬೇಕಾದ್ದು, ನುಣುಪಾಗಿ ಕಾಣಬೇಕಾದ್ದು. ನಮ್ಮದು ಗಾಜಿನ ಕೆಳಗೆ ಅಡಗಿರಬೇಕಾದ್ದು. ಮೊಸಾಯಿಕ್‌ನಲ್ಲಿ ಸೋಪ್ ನೀರು ಸಂದಿಗೆ ಇಳಿದರೆ ಅಲ್ಲಿ ಜಿಡ್ಡು ಉಳಿಯುತ್ತದೆ. ಪಕ್ಕದ ಚೂರಿಗೆ ಹಚ್ಚುವ ಸಿಲಿಕೋನ್ ಅಲ್ಲಿ ಹಿಡಿಯುವುದಿಲ್ಲ. ಒಂದು ಅಂಚಿನ ನಾಲ್ಕೈದು ಚೂರು ಕೈ ತಾಗಿದರೆ ಸಾಕು, ಬಿದ್ದು ಹೋಗುತ್ತಿದ್ದವು.

ಅವು ಬೀಳಲು ಇನ್ನೊಂದು ಕಾರಣವೂ ಇತ್ತು ಅಂತ ನನ್ನ ಅನುಮಾನ. ಗಾಜು ಕತ್ತರಿಸುವಾಗ ಕಟರ್ ಗಾಲಿಯನ್ನು ಸೀಮೆಎಣ್ಣೆಗೆ ಅದ್ದಿಕೊಳ್ಳುತ್ತಾರಲ್ಲ, ಟೀಚರ್ ಕೂಡ ಹಾಗೇ ಮಾಡಿದ್ದರು. ಚೂರುಗಳನ್ನು ತೊಳೆದಿರಲಿಲ್ಲ. ಬಟ್ಟೆಯಲ್ಲಿ ಒರೆಸಿ ಅಂಟಿಸಿಬಿಟ್ಟಿದ್ದರು. ಬಿದ್ದ ಚೂರಿನ ಬೆನ್ನು ನೋಡಿದರೆ ಸಿಲಿಕೋನ್ ಒಂದು ಚೂರೂ ಅಂಟಿರಲಿಲ್ಲ, ಕನ್ನಡಕದ ಹಾಗೆ ಶುಭ್ರ.

ಕೊನೆಗೆ ಪೇಂಟಿನ ಥಿನ್ನರ್ ಹಾಕಿ ಉಜ್ಜಿದ್ದರು. ಮಂಜು ಇನ್ನೂ ಅಗಲಕ್ಕೆ ಹರಡಿತು. ಕೋಣೆಯಲ್ಲಿ ಕೂರಲಾರದಷ್ಟು ವಾಸನೆ ಬೇರೆ.

ಲೆಕ್ಕ ಹಾಕಿದ ಸಂಜೆ

ಎಲ್ಲರೂ, ನಾನೂ ಸೇರಿ, ಒರೆಸುವುದು ಹೇಗೆ ಅಂತಲೇ ತಲೆ ಕೆಡಿಸಿಕೊಂಡಿದ್ದೆವು. ಟೀಚರ್ ಕಾಫಿ ಕೊಡುತ್ತ, "ಎರಡು ಟ್ಯೂಬ್ ಖಾಲಿಯಾಯ್ತು, ಇನ್ನೂ ನಾಲ್ಕು ತರಿಸಬೇಕೇನೋ" ಅಂದರು. ಆಗ ನಿಂತು ಯೋಚಿಸಿದೆ. ಎರಡಡಿ ಜಾಗಕ್ಕೆ ಎರಡು ಟ್ಯೂಬಾ?

ಕಾಗದದ ಮೇಲೆ ಲೆಕ್ಕ ಹಾಕಿದೆವು. ಒಂದು ಟ್ಯೂಬಿನಲ್ಲಿ 280 ಮಿ.ಲೀ. ಎರಡಕ್ಕೆ 560. ಒಂದು ಚದರ ಅಡಿ ಅಂದರೆ ಸುಮಾರು 930 ಚದರ ಸೆಂ.ಮೀ., ಎರಡಕ್ಕೆ 1,860. ಭಾಗಿಸಿದರೆ 0.3 ಸೆಂ.ಮೀ. ಅಂದರೆ 3 ಮಿ.ಮೀ. ಗಾಜಿನ ದಪ್ಪವೇ 3 ಮಿ.ಮೀ., ಅಂಟಿನ ದಪ್ಪವೂ ಅಷ್ಟೇ! ಗಾಜನ್ನು ಒತ್ತಿದರೆ ಅದು ಹೋಗುವುದಾದರೂ ಎಲ್ಲಿಗೆ? ಸಂದಿಗೇ ಬರಬೇಕು.

ಟೀಚರ್ ಆ ಚೀಟಿಯನ್ನು ತುಂಬ ಹೊತ್ತು ನೋಡಿದರು. "ಹಂಗಾದ್ರೆ ನಾನು ಒರೆಸ್ತಾ ಇದ್ದದ್ದು ಕೊಳೆ ಅಲ್ಲ, ಜಾಸ್ತಿ ಹಾಕಿದ್ದನ್ನ" ಅಂದರು. ಅರ್ಧ ಮಿ.ಮೀ.ಗಿಂತ ತುಸು ದಪ್ಪ ಪದರ ಸಾಕಿತ್ತು. ಉಳಿದ 4 ಚದರ ಅಡಿಗೆ 0.6 ಮಿ.ಮೀ. ಲೆಕ್ಕದಲ್ಲಿ ಸುಮಾರು 223 ಮಿ.ಲೀ. ಬೇಕಾಗುತ್ತದೆ. ಒಂದು ಟ್ಯೂಬ್ ತಂದರೂ ಮಿಗುತ್ತದೆ.

ನಾಲ್ಕು ತುಂಡು ಗಾಜಿನ ಪರೀಕ್ಷೆ

ಮಾರನೇ ದಿನ ನವಿಲನ್ನು ಮುಟ್ಟಲಿಲ್ಲ. ಗಡುವು ಹತ್ತಿರ ಇದ್ದಾಗ ಇದು ಕಷ್ಟದ ತೀರ್ಮಾನ. ಟೀಚರ್‌ಗೆ ಮನಸ್ಸಿರಲಿಲ್ಲ, ನಾನು ಹಠ ಹಿಡಿದೆ. ಆರು ಇಂಚಿನ ನಾಲ್ಕು ಗಾಜಿನ ತುಂಡು ತೆಗೆದುಕೊಂಡು ಒಂದೊಂದರ ಮೇಲೆ 2 ಸೆಂ.ಮೀ.ನ 16 ಚೂರು ಅಂಟಿಸಿದೆವು. ಎಲ್ಲಕ್ಕೂ ನ್ಯೂಟ್ರಲ್ ಸಿಲಿಕೋನ್, ಅಂದರೆ ವಿನೆಗರ್ ವಾಸನೆ ಬಾರದ, ಕನ್ನಡಿಗೂ ಆಗುವಂಥದ್ದು.

ಮೊದಲನೆಯದು ಟೀಚರ್ ರೀತಿ. ಟ್ಯೂಬ್ ಕೂರಿಸಿ ಒತ್ತುವ ಗನ್ನಿನಿಂದ ತಳದ ಗಾಜಿಗೆ ಅಂಕುಡೊಂಕಾಗಿ ಗೆರೆ ಎಳೆದು ಮೇಲೆ ಚೂರು ಒತ್ತುವುದು. ಮತ್ತೆ ಅದೇ ಉಕ್ಕು, ಅದೇ ಗುಳ್ಳೆ. ಗೆರೆ ಮತ್ತು ಗೆರೆಯ ನಡುವೆ ಗಾಳಿ ಸಿಕ್ಕಿಬೀಳುತ್ತದೆ, ಹೊರಗೆ ಬರಲು ಅದಕ್ಕೆ ದಾರಿ ಇಲ್ಲ. ಎರಡನೆಯದಕ್ಕೂ ಹಾಗೇ ಹಚ್ಚಿ, ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಆ ಸಂಜೆ ನಾಲ್ಕು ತುಂಡುಗಳಲ್ಲಿ ಚೆಂದ ಕಂಡದ್ದು ಇದೇ. ಬೆಳಿಗ್ಗೆ ನೋಡಿದರೆ ಮಂಜು.

ಮೂರನೆಯದರಲ್ಲಿ ಚೂರಿನ ಬೆನ್ನ ನಡುವೆ ಒಂದು ಚುಕ್ಕೆ ಮಾತ್ರ ಇಟ್ಟು ಒತ್ತಿದೆವು. ಅಕಸ್ಮಾತ್ ಉಕ್ಕಿದ್ದನ್ನು ಮುಟ್ಟದೆ ಹಾಗೇ ಬಿಟ್ಟೆವು. ನಾಲ್ಕನೆಯದರಲ್ಲೂ ಚುಕ್ಕೆ, ಆದರೆ ಉಕ್ಕಿದ್ದನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆವು. ನಾಲ್ಕನೆಯದು ಮೇಲಿಂದ ಶುಭ್ರವಾಗಿತ್ತು. ಮಾರನೇ ದಿನ ಚಾಕುವಿನ ತುದಿ ಕೊಟ್ಟರೆ ಮೂರು ಚೂರಿನ ಅಂಚು ಎದ್ದಿತು. ಟರ್ಪೆಂಟೈನ್ ಸಂದಿನಿಂದ ಕೆಳಗೆ ಇಳಿದಿತ್ತು.

ಮೂರನೆಯದರಲ್ಲಿ ಉಕ್ಕಿ ನಿಂತಿದ್ದು 16ರಲ್ಲಿ ಎರಡೇ ಕಡೆ. ಒಂದು ದಿನ ಬಿಟ್ಟು ಅದರ ಎರಡೂ ಬದಿಗೆ ಸಣ್ಣ ಬ್ಲೇಡ್ ಎಳೆದು, ಸೂಜಿಯಲ್ಲಿ ತುದಿ ಎತ್ತಿ ಎಳೆದೆ. ಶಾವಿಗೆ ಎಳೆ ಬಂದ ಹಾಗೆ ಇಡಿಯಾಗಿ ಬಂತು. ಗಾಜಿನ ಮೇಲೆ ಏನೂ ಉಳಿಯಲಿಲ್ಲ. "ಇಷ್ಟು ದಿನ ಯಾಕೆ ಒದ್ದಾಡಿದೆ ನಾನು!" ಅಂತ ಟೀಚರ್ ನಕ್ಕರು. ಹಸಿ ಸಿಲಿಕೋನ್ ಬೆಣ್ಣೆಯ ಹಾಗೆ ಹರಡುತ್ತದೆ, ಗಟ್ಟಿಯಾದದ್ದು ರಬ್ಬರಿನ ಹಾಗೆ ಕತ್ತರಿಸಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ಕೈ ಸುಮ್ನೆ ಇರಬೇಕಲ್ಲ.

ಮೆಹಂದಿ ಕೋನ್

ಗನ್ನಿನಿಂದ ಸಣ್ಣ ಚುಕ್ಕೆ ಇಡುವುದು ಕಷ್ಟ. ಮೂತಿ ಎಷ್ಟು ಸಣ್ಣಗೆ ಕತ್ತರಿಸಿದರೂ ಒತ್ತುವುದು ಬಿಟ್ಟ ಮೇಲೂ ಸಿಲಿಕೋನ್ ಬರುತ್ತಲೇ ಇರುತ್ತದೆ. ಇದಕ್ಕೆ ದಾರಿ ಹುಡುಕಿದ್ದು ನಾನಲ್ಲ. ಟೀಚರ್ ಒಳಗೆ ಹೋಗಿ ಮೆಹಂದಿ ಕೋನ್ ಸುತ್ತುವ ಪ್ಲಾಸ್ಟಿಕ್ ಹಾಳೆ ತಂದರು. ಕೋನ್ ಸುತ್ತಿ, ಅದರೊಳಗೆ ಎರಡು ಚಮಚದಷ್ಟು ಸಿಲಿಕೋನ್ ತುಂಬಿ, ತುದಿಯನ್ನು ಚೂರೇ ಚೂರು ಕತ್ತರಿಸಿದರು. ಆಮೇಲೆ ನಾನು ನೋಡುತ್ತ ನಿಂತೆ. ನಲವತ್ತು ವರ್ಷ ಚುಕ್ಕಿ ರಂಗೋಲಿ ಇಟ್ಟ ಕೈ ಅದು. ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ಅಳತೆಯೂ ಕೈಗೇ ಬಂತು. 2 ಸೆಂ.ಮೀ. ಚೂರಿಗೆ ಹೆಸರುಕಾಳಿನಷ್ಟರ ಹಲವು ಚುಕ್ಕೆ ಬೇಡ, ನಡುವೆ ದೊಡ್ಡ ಕಡಲೆಕಾಳಿನಷ್ಟರ ಒಂದೇ ಚುಕ್ಕೆ ಸಾಕು. ಒತ್ತಿ ತುಸು ತಿರುಗಿಸಿದರೆ ಸಿಲಿಕೋನ್ ನಡುವಿನಿಂದ ಅಂಚಿನ ಕಡೆ ಹರಡುತ್ತದೆ, ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಅಂಚಿಗೆ ಒಂದು ಮಿ.ಮೀ. ಇರುವಾಗ ಒತ್ತುವುದು ನಿಲ್ಲಿಸಬೇಕು. ತಳದ ಗಾಜನ್ನು ಎರಡು ಸ್ಟೂಲಿನ ಮೇಲಿಟ್ಟು, ಕೆಳಗೆ ಒಂದು ಕನ್ನಡಿ ಇಟ್ಟುಕೊಂಡೆವು. ಹಚ್ಚಿದ್ದು ಎಲ್ಲಿಯವರೆಗೆ ಹರಡಿದೆ ಅಂತ ಅದರಲ್ಲಿ ಕಾಣುತ್ತಿತ್ತು.

ಹಾಲಿನ ಬಣ್ಣದ ಗಾಜಿಗೆ ಇಷ್ಟು ಮುತುವರ್ಜಿ ಬೇಕಿಲ್ಲ, ಹಿಂದಿನದು ಕಾಣುವುದಿಲ್ಲ. ತಿಳಿ ನೀಲಿ, ತಿಳಿ ಹಸಿರಿಗೆ ಬೇಕು. ಸಿಲಿಕೋನ್ ತಾಗಿದ ಕಡೆ ಬಣ್ಣ ತಿಳಿಯಾಗಿ, ತಾಗದ ಕಡೆ ಮಂಕಾಗಿ ಕಾಣುತ್ತದೆ. ಬೆಳಕಿಗೆ ಹಿಡಿದರೆ ಬಟ್ಟೆಗೆ ಎಣ್ಣೆ ಕಲೆ ಆದ ಹಾಗೆ.

ಚೂರುಗಳನ್ನೆಲ್ಲ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅದೂ ಆರಿದ ಮೇಲೆ ಅಂಟಿಸಿದೆವು. ಆರುವವರೆಗೆ ಕಾಯುವುದು ಮುಖ್ಯ, ಆಲ್ಕೋಹಾಲ್ ಉಳಿದರೆ ಸಿಲಿಕೋನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹತ್ತು ನಿಮಿಷಕ್ಕೆಲ್ಲ ಸಿಲಿಕೋನ್ ಮೇಲೆ ಕೆನೆ ಕಟ್ಟುತ್ತಿತ್ತು. ಅದಕ್ಕೇ ಒಂದು ಸಲಕ್ಕೆ ಏಳೆಂಟು ಚೂರು, ಅಷ್ಟೇ. ಕೈಗೆ ಹತ್ತಿದರೆ ನೀರಿಗೆ ಹೋಗಬಾರದು. ಹಳೇ ಪ್ಲಾಸ್ಟಿಕ್ ಕವರಿನಲ್ಲಿ ಉಜ್ಜಿದರೆ ಮುಕ್ಕಾಲು ಭಾಗ ಕವರಿಗೇ ಅಂಟಿ ಹೋಗುತ್ತದೆ.

ಹಳೆಯ ಎರಡು ಅಡಿ

ಅದನ್ನು ಕಿತ್ತು ಹೊಸದಾಗಿ ಮಾಡಬೇಕಾ, ರಿಪೇರಿ ಮಾಡಬೇಕಾ? ಕಿತ್ತರೆ ಅರ್ಧ ಗಾಜು ಒಡೆಯುತ್ತಿತ್ತು, ಅದೇ ಬಣ್ಣ ಮತ್ತೆ ಸಿಗುವ ಖಾತ್ರಿ ಇರಲಿಲ್ಲ. ರಿಪೇರಿ ಅಂತ ತೀರ್ಮಾನಿಸಿದೆವು. ಕನ್ನಡಿ ಚೂರುಗಳನ್ನು ಮಾತ್ರ ತೆಗೆಯಲೇಬೇಕಿತ್ತು. ತೆಳು ತಂತಿಯನ್ನು ಅವುಗಳ ಕೆಳಗೆ ತೂರಿಸಿ, ಗರಗಸದ ಹಾಗೆ ಹಿಂದೆ ಮುಂದೆ ಎಳೆದು ಬಿಡಿಸಿದೆವು. ಮೂರು ಒಡೆದವು. ಬಿಡಿಸಿದವುಗಳನ್ನೂ ಮತ್ತೆ ಬಳಸಲಿಲ್ಲ, ಹೊಸದು ಕತ್ತರಿಸಿದೆವು. ತಳದಲ್ಲಿದ್ದ ಹಳೇ ಸಿಲಿಕೋನ್ ಪೂರ್ತಿ ಕೆರೆದು, ಕನ್ನಡಿಗೆ ನ್ಯೂಟ್ರಲ್ ಹಾಕಿದೆವು.

ಸಂದುಗಳನ್ನು ಕೊರೆಯಲು ಇಬ್ಬರಿಗೆ ಎರಡು ಪೂರ್ತಿ ದಿನ ಹಿಡಿಯಿತು. ಮೇಲಿನಿಂದ ಅರ್ಧ ಆಳದವರೆಗಾದರೂ ತೆಗೆದರೆ ಗ್ರೌಟ್ ಗಾಜಿನ ಎರಡು ಗೋಡೆಗಳನ್ನು ಹಿಡಿದುಕೊಂಡು ನಿಲ್ಲುತ್ತದೆ ಅನ್ನುವುದು ಲೆಕ್ಕ. ಎರಡನೇ ದಿನ ಸಂಜೆಗೆ ನನ್ನ ಬೆರಳು ಸೋತಿತ್ತು. ಕೆಳಗಿನ ಎಡ ಮೂಲೆಯಲ್ಲಿ ಬೇಗ ಬೇಗ ಮುಗಿಸಿದೆ. ಈ ಮೂಲೆಯ ಮಾತು ಮುಂದೆ ಬರುತ್ತದೆ.

ಮಂಜನ್ನು ಬ್ಲೇಡ್ ಮಲಗಿಸಿ ಹಿಡಿದು ಕೆರೆದೆವು. ನುಣುಪು ಗಾಜಿನಿಂದ ಹೋಯಿತು. ಮೇಲ್ಮೈಯಲ್ಲಿ ಅಲೆಗಳಿದ್ದ ಆರು ಚೂರುಗಳ ಗೀರಿನೊಳಗೆ ಥಿನ್ನರ್ ಹೊಡೆದ ಸಿಲಿಕೋನ್ ಕೂತುಬಿಟ್ಟಿತ್ತು, ಕೊನೆಗೂ ಬರಲಿಲ್ಲ.

ನವಿಲಿನ ಎದೆ

ಹದಿನೈದನೇ ದಿನಕ್ಕೆ ಅಂಟಿಸುವ ಕೆಲಸ ಮುಗಿದು ನಾಲ್ಕು ದಿನ ಆಗಿತ್ತು. ಇನ್ನು ಗ್ರೌಟ್. ಕಲಸುವ ಮುಂಚೆ ಒಂದೊಂದೇ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತ ಬಂದೆ. ಎಲ್ಲ ಗಟ್ಟಿ. ನವಿಲಿನ ಎದೆಗೆ ಟೀಚರ್ ಒಂದೇ ದೊಡ್ಡ ನೀಲಿ ತುಂಡು ಹಾಕಿದ್ದರು, 9 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ಅದನ್ನು ಒತ್ತಿದೆ. ಮೆತ್ತಗೆ ಅಲುಗಿತು.

ಎತ್ತಿ ನೋಡಿದರೆ ಸುತ್ತ ಒಂದು ಸೆಂ.ಮೀ.ನಷ್ಟು ಅಂಚು ಗಟ್ಟಿ, ಒಳಗೆಲ್ಲ ಹಸಿ. ಸಿಲಿಕೋನ್‌ಗೆ ತೇವ ಬೇಕು ಅಂದೆನಲ್ಲ. ಮೇಲೂ ಗಾಜು, ಕೆಳಗೂ ಗಾಜು. ತೇವ ಬರುವುದು ಸುತ್ತಲ ಅಂಚಿನಿಂದ ಮಾತ್ರ, ದಿನಕ್ಕೆ ಎರಡು ಮೂರು ಮಿ.ಮೀ. ಒಳಗೆ ಹೋಗುತ್ತದೆ, ಒಳಹೋದಂತೆ ಇನ್ನೂ ನಿಧಾನ. ಅದೂ ಫೆಬ್ರವರಿಯ ಒಣ ಹವೆ. ಸಣ್ಣ ಚೂರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅಂಗೈಯಷ್ಟು ತುಂಡಿಗೆ ಬರುತ್ತದೆ.

ಕಾದರೆ ಆಗುತ್ತಿತ್ತೇನೋ, ಎಷ್ಟು ವಾರ ಅಂತ ಹೇಳುವುದು? ಟೀಚರ್ ಪೆನ್ಸಿಲ್ ತೆಗೆದುಕೊಂಡು ಎದೆಯ ಮೇಲೆ ಪುಕ್ಕದ ಆಕಾರದಲ್ಲಿ ಗೆರೆ ಎಳೆದರು. ಒಂದು ತುಂಡು ಐದಾಯಿತು. ಚಿತ್ರಕ್ಕೂ ಅದೇ ಚೆಂದ, ನಿಜ ಹೇಳಬೇಕೆಂದರೆ ಮುಂಚಿನ ಎದೆ ಹೆಂಚಿನ ಹಾಗೆ ಕಾಣುತ್ತಿತ್ತು. ಉಳಿದ ಮೂರು ದೊಡ್ಡ ತುಂಡುಗಳಿಗೂ ಇದೇ ಮಾಡಿದೆವು. ಕೋಣೆಯಲ್ಲಿ ಎರಡು ಅಗಲ ಬಾಂಡಲಿಯಲ್ಲಿ ನೀರು ಇಟ್ಟೆವು. ಹವೆ ಸ್ವಲ್ಪ ತೇವವಾಗಲಿ ಅಂತ.

ಇಷ್ಟಾದ ಮೇಲೆ ಗೃಹಪ್ರವೇಶಕ್ಕೆ ಸಿಗುವುದಿಲ್ಲ ಅಂತ ಖಚಿತವಾಯಿತು. ಫೋನ್ ಮಾಡಿ ಹೇಳುವ ಕೆಲಸ ಟೀಚರ್‌ದು. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದರು. ನಾಲ್ಕನೇ ಸಲ ಹೇಳಿದರು. ಆ ಕಡೆಯವರು ಸ್ವಲ್ಪ ಮುನಿಸಿಕೊಂಡರು, ಆದರೆ ಒಪ್ಪಿದರು. ಗೃಹಪ್ರವೇಶದ ದಿನ ಕಿಟಕಿಗೆ ಸಾದಾ ಗಾಜು, ಮೇಲೆ ಮಾವಿನ ತೋರಣ. ಊಟ ಚೆನ್ನಾಗಿತ್ತು.

ಆಮೇಲೆ

ಒಂದು ವಾರ ಕಾದು, ಮತ್ತೆ ಎಲ್ಲ ಒತ್ತಿ ನೋಡಿ, ಗ್ರೌಟ್ ತುಂಬಿದೆವು. ಮರಳಿಲ್ಲದ ನುಣುಪು ಗ್ರೌಟ್, ಮರಳಿದ್ದರೆ ಗಾಜಿಗೆ ಗೀರು ಬೀಳುತ್ತದೆ. ಗೃಹಪ್ರವೇಶ ಆಗಿ 12 ದಿನಕ್ಕೆ ನವಿಲು ಕಿಟಕಿ ಸೇರಿತು. ಹೊಸ 4 ಅಡಿಗೆ ಒಂದೇ ಟ್ಯೂಬ್ ಸಾಕಾಗಿತ್ತು.

ಮಳೆಗಾಲ ಕಳೆದ ಮೇಲೆ ಇಬ್ಬರೂ ಹೋಗಿ ನೋಡಿ ಬಂದೆವು. ಕನ್ನಡಿಗಳ ಅಂಚು ಹಾಗೇ ಇದೆ, ಕಪ್ಪಾಗಿಲ್ಲ. ಆರು ಚೂರುಗಳ ಮಂಕು ಮಧ್ಯಾಹ್ನದ ಓರೆ ಬಿಸಿಲಿಗೆ ಕಾಣುತ್ತದೆ. ಗ್ರೌಟ್ ಎರಡು ಕಡೆ ಬಿರುಕು ಬಿಟ್ಟಿತ್ತು. ಎರಡೂ ಕೆಳಗಿನ ಎಡ ಮೂಲೆಯಲ್ಲಿ, ನಾನು ಬೇಗ ಮುಗಿಸಿದ್ದೆನಲ್ಲ, ಅಲ್ಲೇ. ಟೀಚರ್ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಚೀಲದಿಂದ ಬ್ಲೇಡ್ ತೆಗೆದು ಕೊಟ್ಟರು. ಗ್ರೌಟ್ ಬಿಡಿಸಿ, ಕೆಳಗಿದ್ದ ಸಿಲಿಕೋನ್ ಇನ್ನೂ ಆಳಕ್ಕೆ ಕೊರೆದು, ಮತ್ತೆ ತುಂಬಿದೆ. ಒಂದು ಗಂಟೆ ಹಿಡಿಯಿತು.